ದಾಮಸೇನನ ಐದನೆಯ ಮಗ

ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಎರಡು ಕಬ್ಬಿಣದ ಬಾಗಿಲು ದಾಟಿದರೆ ನಾಣ್ಯಗಳ ಕೋಣೆ. ಹದಿನೆಂಟು ವರ್ಷಗಳಿಂದ ಅದರ ಕೀಲಿಕೈ ಒಬ್ಬಳೇ ಹೆಂಗಸಿನ ಹತ್ತಿರ ಇತ್ತು. ಮೇಲಿನ ಮಹಡಿಯ ವಿಗ್ರಹದವರು, ಚಿತ್ರದವರು, ಕೊನೆಗೆ ಬಾಗಿಲು ಕಾಯುವವರೂ ಅವಳನ್ನು ನಾಣ್ಯದಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು. ಆಮೇಲೆ ಆ ಹೆಸರಿಗೇ ತಿರುಗಿ ನೋಡುವುದು ಅಭ್ಯಾಸವಾಯಿತು.

ಕೋಣೆಯಲ್ಲಿದ್ದ ಹನ್ನೊಂದು ಸಾವಿರ ನಾಣ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಕೈಯಲ್ಲೇ ತೂಗಿಸಿಕೊಂಡು, ಅಳೆಸಿಕೊಂಡು, ಚೀಟಿ ಬರೆಸಿಕೊಂಡು ಟ್ರೇಗಳಲ್ಲಿ ಮಲಗಿದ್ದವು. ಮೀನು, ಮರ, ಬೆಟ್ಟ ಒತ್ತಿದ ಚೌಕದ ಬೆಳ್ಳಿ ತುಂಡುಗಳು, ಕುಷಾಣರ ದಪ್ಪ ಚಿನ್ನ, ಶಾತವಾಹನರ ಕರಿ ಸೀಸ, ಬಿಲ್ಲು ಹಿಡಿದು ನಿಂತ ಗುಪ್ತ ದೊರೆಗಳು, ಎಲ್ಲ ಇದ್ದವು. ಅವಳಿಗೆ ಅಚ್ಚುಮೆಚ್ಚು ಮಾತ್ರ ಪಶ್ಚಿಮ ಭಾರತದ ದೊರೆಗಳಾದ ಕ್ಷತ್ರಪರ ಬೆಳ್ಳಿ ನಾಣ್ಯಗಳು. ಹೆಬ್ಬೆರಳ ಉಗುರಿನಷ್ಟೇ ಅಗಲ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಮೂರು ಕಮಾನಿನ ಬೆಟ್ಟ, ಬೆಟ್ಟದ ಎರಡು ಬದಿಗೆ ಚಂದ್ರ ಮತ್ತು ಸೂರ್ಯ, ಸುತ್ತಲೂ ಬ್ರಾಹ್ಮಿ ಲಿಪಿಯಲ್ಲಿ ಹೆಸರು. ಮುನ್ನೂರು ವರ್ಷ ಆಳಿದರೂ ಮುಖ ಹೆಚ್ಚುಕಡಿಮೆ ಅದೇ, ಮೀಸೆ ಅದೇ, ಮೂಗೂ ಅದೇ. ಆದರೆ ಪ್ರತಿಯೊಬ್ಬನೂ ತನ್ನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಹಾಕಿಸಿದ್ದ, ಹೆಚ್ಚಿನವರು ತಲೆಯ ಹಿಂದೆ ವರ್ಷವನ್ನೂ ಕೊರೆಸಿದ್ದರು. ಮನೆಮಂದಿಯ ಪಟ್ಟಿ ಬರೆದಿಟ್ಟು ಊರಿಗೆ ಹೋದವರ ಹಾಗೆ.

ಆ ಪಟ್ಟಿಯ ಪ್ರಕಾರ ಮಹಾಕ್ಷತ್ರಪ ದಾಮಸೇನನಿಗೆ ನಾಲ್ಕು ಗಂಡುಮಕ್ಕಳು: ವೀರದಾಮ, ಯಶೋದಾಮ, ವಿಜಯಸೇನ, ದಾಮಜದಶ್ರೀ. ಐದನೆಯವನೊಬ್ಬ ಇದ್ದ, ಅವನ ಹೆಸರು ವಿನಯಸೇನ ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಾ ಬಂದಿದ್ದವರು ಅದೇ ಊರಿನ ಒಬ್ಬ ನಿವೃತ್ತ ಅಂಚೆ ನೌಕರರು.

ಅಂಚೆಯವರು ಮೂವತ್ತೈದು ವರ್ಷ ಪತ್ರ ವಿಂಗಡಿಸಿದವರು. ಮಳೆಯಲ್ಲಿ ನೆಂದ ವಿಳಾಸ, ಎಡಗೈಯಲ್ಲಿ ಗೀಚಿದ ವಿಳಾಸ, ಬೀದಿಯ ಹೆಸರೇ ಇಲ್ಲದ ವಿಳಾಸ, ಯಾವುದಾದರೂ ಸರಿ, ಅವರ ಕಣ್ಣಿಗೆ ಬಿದ್ದರೆ ಓದಿಸಿಕೊಳ್ಳದೆ ವಿಧಿಯಿರಲಿಲ್ಲ. ಅದೇ ಹಟದಲ್ಲಿ ಬ್ರಾಹ್ಮಿಯನ್ನೂ ತಾವಾಗಿಯೇ ಕಲಿತಿದ್ದರು. ಅವರ ಬಳಿ ಒಂದೇ ಒಂದು ನಾಣ್ಯದ ಮೇಲೆ ವಿನಯಸೇನನ ಹೆಸರಿತ್ತು. ಅದರ ಮೇಲೆ ನಲವತ್ತು ಪುಟದ ಪುಸ್ತಿಕೆ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ನಾಣ್ಯ ಸಂಗ್ರಾಹಕರ ಸಂಘದಲ್ಲಿ ಗೆಳೆಯರು ಅವರನ್ನೇ "ಬನ್ನಿ ವಿನಯಸೇನರೇ" ಎಂದು ಕರೆದು ನಗುತ್ತಿದ್ದರು. ಅವರೂ ನಗುತ್ತಿದ್ದರು, ಆದರೆ ಒಳಗೊಳಗೇ ಹಿಗ್ಗುತ್ತಿದ್ದರು.

ಆ ವರ್ಷ ಅವರಿಗೆ ಎಪ್ಪತ್ನಾಲ್ಕು ತುಂಬಿತು. ತಮ್ಮ ಇನ್ನೂರ ಹದಿನೇಳು ನಾಣ್ಯಗಳನ್ನೂ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡುವುದಾಗಿ ಪತ್ರ ಬರೆದರು. ನಿರ್ದೇಶಕರು ಕುಣಿದಾಡಿದ್ದೊಂದು ಬಾಕಿ. ನಾಣ್ಯದಮ್ಮ ಎರಡು ತಿಂಗಳು ಕೂತು ಒಂದೊಂದನ್ನೂ ಪರೀಕ್ಷೆ ಮಾಡಿದಳು. ವಿನಯಸೇನನ ನಾಣ್ಯದ ತೂಕ ಸರಿಯಿತ್ತು, ಬೆಳ್ಳಿ ಸರಿಯಿತ್ತು, ಮುಖ ಕೊರೆದ ರೀತಿ ಆ ಕಾಲದ್ದೇ. ಹೆಸರು ಓದಿದಳು: ವಿ, ನ, ಯ, ಸೇ, ನ. ತಪ್ಪಿಲ್ಲ. "ನಾಣ್ಯ ಅಸಲಿ, ಅಪೂರ್ವ" ಎಂದು ಬರೆದು ಸಹಿ ಹಾಕಿದಳು. ಪ್ರದರ್ಶನಕ್ಕೆ ದಿನ ಗೊತ್ತಾಯಿತು. ಮುನ್ನೂರು ಆಹ್ವಾನ ಪತ್ರಿಕೆ ಹೋಯಿತು. "ದಾಮಸೇನನ ಐದನೆಯ ಮಗ" ಎಂದು ದೊಡ್ಡಕ್ಷರದ ಭಿತ್ತಿಪತ್ರ ತಯಾರಾಯಿತು.

ಆ ಭಿತ್ತಿಪತ್ರದ ಕರಡನ್ನು ತಿದ್ದಲೆಂದು ಅವಳು ಮನೆಗೆ ತಂದಿದ್ದೇ ಎಲ್ಲಕ್ಕೂ ಕಾರಣವಾಯಿತು.

ಮನೆಯಲ್ಲಿ ಮಾವ ಇದ್ದರು, ಗಂಡನ ಅಪ್ಪ. ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೊರೆಯುವ ಕೆಲಸ ಮಾಡಿ ನಿವೃತ್ತರಾದವರು. ಉಕ್ಕಿನ ತುಂಡಿನ ಮೇಲೆ ತಲೆಕೆಳಗಾಗಿ, ಹಿಂದುಮುಂದಾಗಿ ಅಕ್ಷರ ಕೊರೆದೂ ಕೊರೆದೂ ಅವರ ಮಾತೂ ಹಾಗೇ ಆಗಿದೆ, ಹೊಗಳಿದ್ದೋ ತೆಗಳಿದ್ದೋ ಕನ್ನಡಿ ಹಿಡಿದು ನೋಡಬೇಕು ಎಂದು ಮಗನೇ ತಮಾಷೆ ಮಾಡುತ್ತಿದ್ದ. ಸೊಸೆಯ ಕೆಲಸದ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. "ನಾವು ಮಾಡಿದ್ವಿ, ಜನ ಖರ್ಚು ಮಾಡಿದರು, ಮುಗೀತು. ನೀನು ಅದನ್ನ ಮತ್ತೆ ಹುಡುಕಿ ಹಾಸಿಗೆ ಹಾಸಿ ಮಲಗಿಸ್ತೀಯ" ಎನ್ನುತ್ತಿದ್ದರು.

ಭಾನುವಾರ ಬೆಳಗ್ಗೆ ಅವಳು ಕರಡನ್ನು ಊಟದ ಮೇಜಿನ ಮೇಲೆ ಹರಡಿದ್ದಳು. ನಾಣ್ಯದ ಚಿತ್ರ ಊಟದ ತಟ್ಟೆಯಷ್ಟು ದೊಡ್ಡದಾಗಿತ್ತು. ಮಾವ ಕೈಯಲ್ಲಿ ಕಾಫಿ ಹಿಡಿದು ಬಂದವರು ಅದರ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಏನಮ್ಮಾ, ಇದೊಂದು ಅಕ್ಷರಕ್ಕೆ ಒಂದೇ ಕಾಲು?"

"ಯಾವುದು ಮಾವ?"

"ನನಗೇನು ಓದೋಕೆ ಬರುತ್ತಾ? ನೋಡು, ಇಲ್ಲಿ ಒಂದು ಕಂಬ, ಕೆಳಗೆ ಎರಡೂ ಕಡೆ ಪಾದ. ಇಲ್ಲೂ ಕಂಬ, ಎರಡು ಪಾದ. ಇಲ್ಲಿ ಕಂಬ ಇದೆ, ಪಾದ ಬಲಗಡೆ ಮಾತ್ರ. ಮೂರೂ ಒಂದೇ ಅಕ್ಷರ ತಾನೇ?"

"ಹೌದು, ಮೂರೂ 'ನ'. ಅಪ್ಪನ ಹೆಸರಲ್ಲಿ ಒಂದು, ಮಗನ ಹೆಸರಲ್ಲಿ ಎರಡು. ಒಂದು ಕಾಲು ಸವೆದಿರುತ್ತೆ. ಸಾವಿರದ ಏಳುನೂರು ವರ್ಷ ಹಳೇದು ಮಾವ."

"ಸವೆಯೋದಾದರೆ ಪಕ್ಕದ್ದೂ ಸವೀಬೇಕು. ಸವಕಲಿಗೇನು ಕಣ್ಣಿದೆಯಾ, ಒಂದೇ ಒಂದು ಕಾಲು ಹುಡುಕ್ಕೊಂಡು ಹೋಗಿ ತಿನ್ನೋಕೆ?" ಮಾವ ಕಾಫಿ ಲೋಟ ಕೆಳಗಿಟ್ಟು ಬೆರಳು ಚಾಚಿದರು. "ಅಚ್ಚು ಕೊರೆಯೋನಿಗೆ ಕೈ ರೂಢಿಯಾಗಿರುತ್ತೆ. ಎರಡು ಸಲ ಸರಿಯಾಗಿ ಹಾಕಿ ಮೂರನೇ ಸಲ ಮರೀತಾನಾ? ಅದೂ ಹೋಗಲಿ, ಈ ಕಂಬದ ಬಲಕ್ಕೆ ನೆಲ ನೋಡು. ಎಲ್ಲಾ ಕಡೆ ಒಂದೇ ಸಮ ಇದೆ, ಇಲ್ಲಿ ಮಾತ್ರ ತಗ್ಗು. ಅಲ್ಲೇನೋ ಇತ್ತಮ್ಮ. ಯಾರೋ ತೆಗೆದಿದ್ದಾರೆ."

ಅವಳಿಗೆ ಮೈ ಉರಿದುಹೋಯಿತು. ಎರಡು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಸಹಿ ಹಾಕಿದ್ದನ್ನು ಕಾಫಿ ಕುಡಿಯುತ್ತಾ ಬಂದು ಎರಡು ನಿಮಿಷದಲ್ಲಿ ಅಲ್ಲಗಳೆಯುವುದೆಂದರೆ! "ಕಚೇರಿ ಕಾಗದ ಊಟದ ಮೇಜಿನ ಮೇಲೆ ಹಾಕಿದ್ದು ನನ್ನದೇ ತಪ್ಪು" ಎಂದು ಕರಡನ್ನು ಸುತ್ತಿಕೊಂಡು ಒಳಗೆ ಹೋದಳು. ಮಾವ ಹಿಂದಿನಿಂದ, "ಕಾಫಿ ಆರಿಹೋಯ್ತು" ಎಂದರು, ಅದೂ ಅವಳದೇ ತಪ್ಪೆನ್ನುವ ಹಾಗೆ.

ಸೋಮವಾರ ಬೆಳಗ್ಗೆ ಬ್ಯಾಗು ಕೆಳಗಿಡುವ ಮೊದಲೇ ಅವಳು ಆ ನಾಣ್ಯವನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟಳು. ಮಾವ ಹೇಳಿದ ತಗ್ಗು ಅಲ್ಲೇ ಇತ್ತು. ಅದರ ತುಂಬ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಕಂಬಕ್ಕೆ ತಾಗಿದಂತೆ ಎರಡು ಸಣ್ಣ ಮೊಳಕೆಗಳು, ಒಂದು ನೆತ್ತಿಯಲ್ಲಿ, ಒಂದು ನಡುವಿನಲ್ಲಿ. ಅಲ್ಲಿಂದ ಎರಡು ಗೆರೆಗಳು ಬಲಕ್ಕೆ ಹೊರಟಿದ್ದಿರಬೇಕು. ಕೆಳಗಿನದು ಉಳಿದಿತ್ತು, ಅವಳು ಪಾದವೆಂದು ಓದಿದ್ದು ಅದನ್ನೇ.

ಕಂಬಕ್ಕೆ ಮೂರು ಗೆರೆ ಸೇರಿಸಿದರೆ ಮೂರು ಹಲ್ಲಿನ ಬಾಚಣಿಗೆ. ಬ್ರಾಹ್ಮಿಯಲ್ಲಿ ಬಾಚಣಿಗೆಯೆಂದರೆ 'ಜ'. ವಿ, ಜ, ಯ, ಸೇ, ನ.

ವಿಜಯಸೇನ. ದಾಮಸೇನನ ಮೂರನೆಯ ಮಗ. ಅವನ ನಾಣ್ಯ ಅವಳದೇ ಬೀರುವಿನಲ್ಲಿ ಮುನ್ನೂರ ಮೂವತ್ತೆಂಟು ಇದ್ದವು.

ಆದರೂ ಮೊಳಕೆ, ಗೀರು ಇವೆಲ್ಲ ವಾದಕ್ಕೆ ಬಿಟ್ಟ ಮಾತು. ಇದನ್ನು ಕೈಬೆರಳಿಟ್ಟು ತೋರಿಸಲು ಒಂದೇ ದಾರಿ. ಆ ಕಾಲದಲ್ಲಿ ಒಂದು ಅಚ್ಚು ಕೊರೆದರೆ ಅದು ಒಡೆಯುವ ತನಕ ಸುತ್ತಿಗೆಯಲ್ಲಿ ಬಡಿದು ಸಾವಿರಗಟ್ಟಲೆ ನಾಣ್ಯ ತೆಗೆಯುತ್ತಿದ್ದರು. ಒಂದೇ ಅಚ್ಚಿನಿಂದ ಬಂದ ಇನ್ನೊಂದು ನಾಣ್ಯ ಸಿಕ್ಕಿದರೆ, ಅದರಲ್ಲಿ ಯಾವ ಹೆಸರಿದೆಯೋ ಇದರಲ್ಲೂ ಅದೇ. ಅಂಚೆಯವರ ನಾಣ್ಯದಲ್ಲಿ ಒಂದು ಗುರುತಿತ್ತು. ಅಚ್ಚು ಬಿರುಕು ಬಿಟ್ಟಿದ್ದರಿಂದ ಚಂದ್ರನ ಕೆಳಕೊಂಬಿನಿಂದ ಅಂಚಿನವರೆಗೆ ಒಂದು ತೆಳುವಾದ ಉಬ್ಬುಗೆರೆ ಓಡಿತ್ತು. ಅವಳು ವಿಜಯಸೇನನ ಮೊದಲ ಟ್ರೇ ಎಳೆದಳು. ಭೂತಗನ್ನಡಿ ಹಿಡಿದು ಒಂದೊಂದೇ ಚಂದ್ರನನ್ನು ನೋಡುತ್ತಾ ಹೋದಳು. ಸಂಜೆ ಕಣ್ಣು ಕೆಂಪಾಗಿ ಮನೆಗೆ ಹೋದಳು.

ಮಂಗಳವಾರ ಮಧ್ಯಾಹ್ನದ ಊಟಕ್ಕೆ ಮೊದಲು, ಮೂರನೆಯ ಟ್ರೇಯ ಐದನೆಯ ಸಾಲಿನಲ್ಲಿ ಆ ಬಿರುಕು ಸಿಕ್ಕಿತು. ಅದೇ ಕೊಂಬು, ಅದೇ ಗೆರೆ, ಅಕ್ಷರಗಳ ನಡುವೆ ಅದೇ ಅಂತರ. 'ಯ'ದ ಬಾಲ ಎರಡರಲ್ಲೂ ಬೆಟ್ಟಕ್ಕೆ ತಾಗಿತ್ತು. 'ವಿ' ಆದ ಮೇಲೆ ಮಾತ್ರ, ಮೂರು ಹಲ್ಲೂ ನೆಟ್ಟಗಿದ್ದ ಬಾಚಣಿಗೆ.

ಹುಡುಕಿದ್ದು ಸಿಕ್ಕಿದ ಖುಷಿ ಒಂದು ನಿಮಿಷ ಇತ್ತು. ಆಮೇಲೆ ಅವಳು ತನ್ನ ವರದಿ ತೆಗೆದು ಕೆಳಗಿದ್ದ ಸಹಿಯನ್ನು ನೋಡುತ್ತಾ ಕೂತಳು. ಊಟದ ಡಬ್ಬಿ ತೆರೆಯಲಿಲ್ಲ.

ನಿರ್ದೇಶಕರು ಕೆಟ್ಟವರಲ್ಲ. ಸದಾ ಒಂದು ಕಾಲು ಬಾಗಿಲಾಚೆ ಇಟ್ಟೇ ಮಾತಾಡುವವರು, ಅಷ್ಟೆ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಆ ಕಾಲನ್ನೂ ಒಳಗೆ ತಂದು ಕುರ್ಚಿಯಲ್ಲಿ ಕುಸಿದರು.

"ಪ್ರದರ್ಶನಕ್ಕೆ ಇನ್ನು ಒಂಬತ್ತು ದಿನ ಇದೆಯಲ್ಲಮ್ಮಾ!"

"ತಪ್ಪು ನನ್ನದು ಸರ್. ನಾನು ಬೇರೆ ಎರಡು 'ನ'ಗಳ ಜೊತೆ ಹೋಲಿಸಲೇ ಇಲ್ಲ. ಪುಸ್ತಿಕೆಯಲ್ಲಿ ಓದಿದ್ದ ಹೆಸರನ್ನೇ ನಾಣ್ಯದಲ್ಲೂ ಓದಿದೆ."

ನಿರ್ದೇಶಕರು ಹಣೆ ಉಜ್ಜಿಕೊಂಡರು. "ಒಂದು ಕೆಲಸ ಮಾಡೋಣ. ಯಾರೋ ಮೋಸಗಾರ ಅಕ್ಷರ ಕೆರೆದು ಅವರಿಗೆ ಮಾರಿದ್ದಾನೆ ಅಂತ ಬರೆಯೋಣ. ಹಾಗಾದರೆ ಹಿರಿಯರ ಮರ್ಯಾದೆ ಉಳಿಯುತ್ತೆ, ನಮ್ಮದೂ ಉಳಿಯುತ್ತೆ. ನೀವೇ ಹೋಗಿ ನಿಧಾನಕ್ಕೆ ಹೇಳಿ."

ಅವಳಿಗೂ ಅದೇ ಸರಿಯೆನಿಸಿತು. ಸಂಜೆ ಸೂಕ್ಷ್ಮದರ್ಶಕದ ಚಿತ್ರಗಳನ್ನು ಮಾವನ ಮುಂದೆ ಹಿಡಿದು, "ನೀವು ಹೇಳಿದ್ದೇ ಸರಿ" ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮಾವ ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಗೀರುಗಳನ್ನೇ ನೋಡುತ್ತಿದ್ದರು.

"ಮೋಸಗಾರನ ಕೈಯಲ್ಲ ಇದು" ಎಂದರು ಕೊನೆಗೆ.

"ಅಂದರೆ?"

"ಕಸುಬಿನವನು ಉಳಿ ಹಿಡಿದಿದ್ದರೆ ನಾಲ್ಕು ಏಟಿಗೆ ಮುಗೀತಿತ್ತು. ಇಲ್ಲಿ ನೂರಾರು ಗೀರು ಇದೆ. ಮೋಸ ಮಾಡೋನಾದರೆ ಎಡಗಡೆಗೆ ಇನ್ನೊಂದು ಪಾದ ಎಬ್ಬಿಸಿ ಪೂರ್ತಿ ಮಾಡ್ತಿದ್ದ, ತಗ್ಗನ್ನ ಉಜ್ಜಿ ನಯ ಮಾಡ್ತಿದ್ದ. ಇದು ತುಂಬಾ ತಾಳ್ಮೆಯಿಂದ, ತುಂಬಾ ಪ್ರೀತಿಯಿಂದ ಕೆರೆದಿರೋದು."

"ಹಾಗಾದರೆ ಯಾರು?"

ಮಾವ ಚಿತ್ರಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು. "ಅವರ ಮನೆಗೆ ಯಾವತ್ತು ಹೋಗ್ತೀಯ? ನಾನೂ ಬರ್ತೀನಿ" ಎಂದರು.

ಅಂಚೆಯವರ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲಿನ ಹಿತ್ತಾಳೆಯ ಪತ್ರದ ಕಿಂಡಿ ಫಳಫಳ ಹೊಳೆಯುತ್ತಿತ್ತು. ಒಳಗೆ ಗೋಡೆಯ ಮೇಲೆ ಮೂವರು ಹೆಣ್ಣುಮಕ್ಕಳ ಚಿತ್ರ, ಅವರ ಪಕ್ಕದಲ್ಲೇ ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ ವಿನಯಸೇನ. ಅಂಚೆಯವರ ಹೆಂಡತಿ ಚಹಾ ತಂದಿಡುತ್ತಾ ನಾಣ್ಯದಮ್ಮ ಅದನ್ನೇ ನೋಡುತ್ತಿದ್ದುದನ್ನು ಗಮನಿಸಿದರು.

"ನಮಗೆ ಮೂರೂ ಹೆಣ್ಣೇ ಅಮ್ಮಾ. ಗಂಡು ಅಂತ ಇವನೊಬ್ಬನೇ. ಒಂದು ಲೋಟ ನೀರು ಕೊಟ್ಟವನಲ್ಲ, ಆದರೂ ಇವರಿಗೆ ಇವನ ಮೇಲೇ ಪ್ರಾಣ" ಎಂದು ನಕ್ಕರು.

ನಾಣ್ಯದಮ್ಮ ಚಹಾ ಲೋಟವನ್ನು ಪಕ್ಕಕ್ಕಿಟ್ಟಳು. ಸುತ್ತಿ ಬಳಸಿ ಮಾತು ಶುರು ಮಾಡಿದಳು. ಅದು ಎಲ್ಲಿಗೂ ಮುಟ್ಟಲಿಲ್ಲ. ಕೊನೆಗೆ ಎರಡು ಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು.

ಅಂಚೆಯವರು ಕನ್ನಡಕ ಬದಲಿಸಿಕೊಂಡರು. ಮೂವತ್ತೈದು ವರ್ಷದ ಕಣ್ಣು ಅದು, ಅರ್ಧ ನಿಮಿಷ ಸಾಕಾಯಿತು.

"ಒಂದೇ ಅಚ್ಚು!" ಎಂದರು ಹುರುಪಿನಿಂದ. "ಬಿರುಕು ನೋಡಿ, ಇಲ್ಲೂ ಅದೇ. ನಿಮ್ಮಲ್ಲೂ ಒಂದಿತ್ತಾ ವಿನಯಸೇನಂದು? ಎಷ್ಟು ದಿನದಿಂದ..." ಎನ್ನುತ್ತಿದ್ದಂತೆ ಬೆರಳು ಬಾಚಣಿಗೆಯ ಮೇಲೆ ನಿಂತಿತು. ಅಲ್ಲಿಂದ ಈ ಚಿತ್ರಕ್ಕೆ ಬಂತು, ಮತ್ತೆ ಅಲ್ಲಿಗೆ ಹೋಯಿತು. ಹುರುಪು ಮುಖದಿಂದ ಇಳಿಯುತ್ತಾ ಹೋದದ್ದು ಎದುರಿಗೆ ಕೂತವರಿಗೆ ಕಾಣುತ್ತಿತ್ತು.

"ಇದು ವಿಜಯಸೇನ" ಎಂದರು.

"ಹೌದು ಸರ್. ನಿಮಗೆ ಮಾರಿದವರು ಯಾರೋ ಮೋಸ ಮಾಡಿರಬಹುದು. ಅಕ್ಷರ ಕೆರೆದು..."

"ಇಲ್ಲ, ಇಲ್ಲ." ಅಂಚೆಯವರು ತಲೆಯಾಡಿಸಿದರು. ಮಾರಿದವನ ಮೇಲೆ ಅಪವಾದ ಬರುವುದು ಅವರಿಗೆ ಇಷ್ಟವಾಗಲಿಲ್ಲ. "ಪಾಪ, ಅವನೊಬ್ಬ ಗಡಿಯಾರ ರಿಪೇರಿ ಮಾಡೋನು. ಅದು ನಾಣ್ಯ ಅಂತಾನೇ ಅವನಿಗೆ ಗೊತ್ತಿರಲಿಲ್ಲ. ತಿರುಪು, ಗುಂಡಿ ಹಾಕಿದ್ದ ಡಬ್ಬಿಯಲ್ಲಿ ಬಿದ್ದಿತ್ತು. ಹಸಿರು ಕಿಲುಬು ಕಟ್ಟಿ ಒಂದಕ್ಷರವೂ ಕಾಣ್ತಿರಲಿಲ್ಲ. ನಾನೇ ಒಂದೂವರೆ ತಿಂಗಳು..."

ಅಲ್ಲಿಗೆ ಅವರ ಮಾತು ನಿಂತಿತು.

ಅವರ ಹೆಂಡತಿ ಬಿಸ್ಕತ್ತಿನ ತಟ್ಟೆ ಹಿಡಿದು ಬರುತ್ತಿದ್ದವರು ಆ ಮಾತನ್ನು ತಾವೇ ಮುಂದುವರಿಸಿದರು. "ಹ್ಞೂಂ, ಒಂದೂವರೆ ತಿಂಗಳು! ದಿನಾ ಬೆಳಗಿನ ಪಾಳಿ ಮುಗಿಸಿ ಬಂದು ಊಟ ಆಗಿದ್ದೇ ತಡ, ಆ ಕಿಟಕಿ ಹತ್ತಿರ ಕೂತು ನನ್ನ ಹೊಲಿಗೆ ಸೂಜಿಯಲ್ಲಿ ಕೆರೆದಿದ್ದೇ ಕೆರೆದಿದ್ದು. ಮೂರು ಸೂಜಿ ಮುರಿದರು. ನಾಲ್ಕನೇದು ನಾನು ಬಚ್ಚಿಟ್ಟೆ." ನಗುತ್ತಾ ಹೇಳಿದವರು ಬೇರೆ ಯಾರೂ ನಗದಿದ್ದುದನ್ನು ಕಂಡು ತಟ್ಟೆ ಹಿಡಿದುಕೊಂಡೇ ನಿಂತರು. "ಏನಾಯ್ತು?"

ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು.

ಮೊದಲು ಬಾಯಿಬಿಟ್ಟವರು ಮಾವ. ಸೊಸೆ ಅವರ ದನಿ ಅಷ್ಟು ಮೆತ್ತಗಾದದ್ದನ್ನು ಎಂದೂ ಕೇಳಿರಲಿಲ್ಲ. "ಹಳೇ ಬೆಳ್ಳಿ ಕಿಲುಬಿನ ಜೊತೆಗೇ ಬೆಳೆದುಬಿಟ್ಟಿರುತ್ತೆ. ಕಿಲುಬು ಎದ್ದರೆ ಅಕ್ಷರಾನೂ ಎದ್ದು ಬರುತ್ತೆ. ನಮ್ಮಂಥವರ ಕೈಯಲ್ಲೂ ಹಾಗಾಗುತ್ತೆ. ನಾನೊಂದು ಸಲ ಪದಕದ ಅಚ್ಚಿನಲ್ಲಿ ಒಂದು ಅಕ್ಷರವನ್ನೇ ತಿರುಗಾಮುರುಗಾ ಕೊರೆದೆ. ನಾಲ್ಕು ಸಾವಿರ ಪದಕ ಹೊಡೆದು, ಹಂಚಿದ ಮೇಲೆ ಗೊತ್ತಾಯ್ತು. ಈಗಲೂ ಯಾರದೋ ಮನೆ ಗೋಡೆ ಮೇಲೆ ನೇತಾಡ್ತಿವೆ."

ಅಂಚೆಯವರು ತಲೆ ಎತ್ತಲಿಲ್ಲ. "ನಿಮ್ಮದು ಕೈತಪ್ಪು ಯಜಮಾನರೇ. ನನ್ನದು ಹಾಗಲ್ಲ" ಎಂದರು. ಎದ್ದು ನಿಂತು ಕೈ ಮುಗಿದರು. "ಇವತ್ತಿಗೆ ಇಷ್ಟು ಸಾಕು. ಬೇಜಾರು ಮಾಡ್ಕೋಬೇಡಿ."

ಮೆಟ್ಟಿಲಿಳಿಯುವಾಗ ಮಾವ ಕಟಕಟೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಎರಡನೆಯ ಮಹಡಿಯಲ್ಲಿ ನಿಂತು, "ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಆಗ್ತಿತ್ತು" ಎಂದರು.

"ಇಲ್ಲ ಮಾವ" ಎಂದಳು ಸೊಸೆ. ಅವರ ಇನ್ನೊಂದು ಕೈ ಹಿಡಿದುಕೊಂಡಳು.

ಮುಂದಿನ ನಾಲ್ಕು ದಿನ ಅಂಚೆಯವರಿಂದ ಸುದ್ದಿಯಿಲ್ಲ. ಫೋನು ಮಾಡಿದರೆ ಹೆಂಡತಿ ಎತ್ತಿ, "ಮಲಗಿದ್ದಾರೆ" ಎನ್ನುತ್ತಿದ್ದರು. ನಿರ್ದೇಶಕರು ಭಿತ್ತಿಪತ್ರಗಳನ್ನು ಕಪಾಟಿಗೆ ತಳ್ಳಿ ಬೀಗ ಹಾಕಿಸಿದರು. ನಾಣ್ಯದಮ್ಮ ಹೊಸ ವರದಿ ಬರೆದಳು. ತನ್ನ ಹಿಂದಿನ ಓದು ತಪ್ಪೆಂದೂ ಯಾಕೆ ತಪ್ಪೆಂದೂ ಒಂದೂವರೆ ಪುಟದಲ್ಲಿ ಬರೆದು ಸಹಿ ಹಾಕಿದಳು. ನಾಣ್ಯದ ಕೆಳಗೆ ಇಡಬೇಕಾದ ಚೀಟಿಯನ್ನು ಮಾತ್ರ ಬರೆಯಲಾಗಲಿಲ್ಲ. ಮೋಸಗಾರನೆಂದು ಬರೆದರೆ ಸುಳ್ಳಾಗುತ್ತದೆ. ನಿಜ ಬರೆಯಲು ಅವರ ಒಪ್ಪಿಗೆ ಬೇಕು.

ಐದನೆಯ ದಿನ ಬೆಳಗ್ಗೆ ಅಂಚೆಯವರು ಹೆಂಡತಿಯ ಜೊತೆ ನೆಲಮಾಳಿಗೆಗೆ ಇಳಿದು ಬಂದರು. ಗಡ್ಡ ನೀಟಾಗಿ ಬೋಳಿಸಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಎರಡು ನಾಣ್ಯವನ್ನೂ ಒಂದು ಸಲ ನೋಡಬೇಕು. ಚಿತ್ರ ಅಲ್ಲ, ನಾಣ್ಯ."

ಅವಳು ಎರಡನ್ನೂ ಕಪ್ಪು ಬಟ್ಟೆಯ ಮೇಲೆ ಇಟ್ಟು ಸೂಕ್ಷ್ಮದರ್ಶಕ ಸರಿಮಾಡಿ ಕೊಟ್ಟಳು. ಅವರು ಒಂದು ಗಂಟೆ ನೋಡಿದರು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದರು. ಕೊನೆಗೆ ಅಂಚೆಯವರು ಕಣ್ಣು ಒರೆಸಿಕೊಂಡು ತಿರುಗಿದರು.

"ಜ್ಞಾಪಿಸಿಕೊಂಡೆ ಅಮ್ಮಾ, ಮಲಗಿದಲ್ಲೇ. ಮೊದಲು ಕಿಲುಬಿನಿಂದ ಆಚೆ ಬಂದಿದ್ದು ಕಂಬ, ಆಮೇಲೆ ಪಾದ. 'ನ' ಅಂದುಕೊಂಡೆ. ವಿನಯಸೇನ! ಯಾವ ಪುಸ್ತಕದಲ್ಲೂ ಇಲ್ಲದ ಹೆಸರು. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನದಿಂದ 'ನ'ಗೆ ಬೇಡವಾದದ್ದೆಲ್ಲ ನನಗೆ ಕೊಳೆ ಅನ್ನಿಸೋಕೆ ಶುರುವಾಯ್ತು. ಕೆರೆದೆ." ಸೂಕ್ಷ್ಮದರ್ಶಕವನ್ನು ಪಕ್ಕಕ್ಕೆ ಸರಿಸಿ, "ನಾನು ಸುಳ್ಳು ಹೇಳಲಿಲ್ಲ. ಆದರೆ ಸುಳ್ಳು ನನ್ನ ಕೈಯಲ್ಲೇ ತಯಾರಾಯ್ತು" ಎಂದರು.

"ನಾನೂ ಹಾಗೇ ಓದಿದೆ ಸರ್. ನೀವು ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ."

"ನೀವು ಎರಡು ತಿಂಗಳು ಓದಿದ್ದೀರಿ. ನಾನು ಇಪ್ಪತ್ತೆರಡು ವರ್ಷ." ಅವರು ಜೇಬಿನಿಂದ ಪೆನ್ನು ತೆಗೆದರು. "ಒಂದು ಕಾಗದ ಕೊಡಿ. ಚೀಟಿ ನಾನೇ ಬರೀತೀನಿ."

ಬರೆದದ್ದು ಇಷ್ಟು: "ಮಹಾಕ್ಷತ್ರಪ ವಿಜಯಸೇನನ ಬೆಳ್ಳಿ ನಾಣ್ಯ. ಸ್ವಚ್ಛ ಮಾಡುವಾಗ 'ಜ' ಅಕ್ಷರದ ಮೇಲಿನ ಎರಡು ಗೆರೆಗಳು ಸಂಗ್ರಾಹಕನ ಸೂಜಿಗೆ ಸಿಕ್ಕಿ ಹೋಗಿವೆ. ಇದನ್ನು ಅವನು ಇಪ್ಪತ್ತೆರಡು ವರ್ಷ ವಿನಯಸೇನನ ನಾಣ್ಯವೆಂದು ಓದಿದ. ಅಂಥ ರಾಜನಿದ್ದನೆಂಬುದಕ್ಕೆ ಬೇರೆ ಆಧಾರವಿಲ್ಲ."

ನಿರ್ದೇಶಕರು ಓದಿ, "ಇಷ್ಟು ಬಿಚ್ಚಿ ಹೇಳಬೇಕಾ? 'ಅಕ್ಷರ ಅಸ್ಪಷ್ಟ' ಅಂದರೆ ಸಾಲದೇ?" ಎಂದು ರಾಗ ಎಳೆದರು.

"ಅಸ್ಪಷ್ಟ ಇಲ್ಲ ಸರ್, ಸ್ಪಷ್ಟವಾಗೇ ಇದೆ" ಎಂದಳು ನಾಣ್ಯದಮ್ಮ. ಆ ಕಾಗದ ಇಸಿದುಕೊಂಡು ಕೆಳಗೆ ತಾನೂ ಒಂದು ಸಾಲು ಸೇರಿಸಿದಳು: "ವಸ್ತುಸಂಗ್ರಹಾಲಯವೂ ಮೊದಲು ಹಾಗೆಯೇ ಓದಿತ್ತು." ನಿರ್ದೇಶಕರು ಇಬ್ಬರ ಮುಖವನ್ನೂ ನೋಡಿ ಕೈಚೆಲ್ಲಿದರು.

ಪ್ರದರ್ಶನ ಗೊತ್ತಾದ ದಿನವೇ ನಡೆಯಿತು. ಅರವತ್ತು ಎಪ್ಪತ್ತು ಜನ ಸೇರಿದ್ದರು. ನಾಣ್ಯ ಸಂಘದವರು ಮುಂದಿನ ಸಾಲು ಹಿಡಿದಿದ್ದರು. ಅಂಚೆಯವರು ಎದ್ದು ನಿಂತು ಐದು ನಿಮಿಷ ಮಾತಾಡಿದರು. ಏನೂ ಮುಚ್ಚಿಡಲಿಲ್ಲ, ಹೆಚ್ಚು ಅಳಲೂ ತೋಡಿಕೊಳ್ಳಲಿಲ್ಲ. ಪುಸ್ತಿಕೆ ಯಾರ ಹತ್ತಿರ ಇದೆಯೋ ಅವರು ಅದರ ಮೊದಲ ಪುಟದ ಮೇಲೆ "ತಪ್ಪು" ಎಂದು ಬರೆದುಕೊಳ್ಳಬೇಕೆಂದು ಕೇಳಿಕೊಂಡರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಂಘದ ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರು. ಆ ಪುಸ್ತಿಕೆಗೆ ಮುನ್ನುಡಿ ಬರೆದವರು ಅವರೇ. ಉಳಿದವರು ಗಾಜಿನ ಪೆಟ್ಟಿಗೆಗೆ ಮುತ್ತಿಕೊಂಡರು. ಚಿನ್ನದ ನಾಣ್ಯಗಳನ್ನು ಕೇಳುವವರಿಲ್ಲ. ಪಕ್ಕಪಕ್ಕ ಇಟ್ಟ ಎರಡು ಚಿಕ್ಕ ಬೆಳ್ಳಿ ಬಿಲ್ಲೆಗಳಲ್ಲಿ ಬಾಚಣಿಗೆ ಎಲ್ಲಿ, ಒಂಟಿಗಾಲು ಎಲ್ಲಿ ಎಂದು ಹುಡುಕಲು ನೂಕುನುಗ್ಗಲು. ಅಂಚೆಯವರು ಭೂತಗನ್ನಡಿ ಹಿಡಿದು ಒಬ್ಬೊಬ್ಬರಿಗೂ ತೋರಿಸುತ್ತಾ ನಿಂತರು. ಮಧ್ಯಾಹ್ನದ ಹೊತ್ತಿಗೆ ಅವರ ದನಿ ಮೊದಲಿನಂತಾಗಿತ್ತು.

ಮಾವ ಅಂಚೆಯವರ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು. "ಮನೇಲಿ ಆ ಚಿತ್ರ ತೆಗೆದುಬಿಟ್ಟರಾ?" ಎಂದು ಕೇಳಿದರು.

"ತೆಗೆಯೋಕೆ ಹೋಗಿದ್ದರು, ನಾನೇ ಬಿಡಲಿಲ್ಲ" ಎಂದರು ಆಕೆ. "ಮಗನ ಹೆಸರು ಬೇರೆ ಅಂತ ಗೊತ್ತಾದರೆ ಮನೆಯಿಂದ ಆಚೆ ಹಾಕ್ತಾರಾ? ವಿಜಯ ಅಂತಲೇ ಇರಲಿ. ಕೇಳೋಕೂ ಚೆನ್ನಾಗಿದೆ."

ಮಾವ ಮೊದಲ ಬಾರಿಗೆ ಬಾಯಿತುಂಬ ನಕ್ಕರು.

ಮುಂದಿನ ಸೋಮವಾರ ನಾಣ್ಯದಮ್ಮ ಹದಿನೆಂಟು ವರ್ಷದಲ್ಲಿ ತಾನು "ಅಪೂರ್ವ" ಎಂದು ಸಹಿ ಹಾಕಿದ ನಾಣ್ಯಗಳ ಪಟ್ಟಿ ಮಾಡಿದಳು. ನಲವತ್ತಮೂರು ಇದ್ದವು. ಒಂದೊಂದನ್ನೂ ಮತ್ತೆ ತೆಗೆದು, ಹಳೆಯ ವರದಿಯನ್ನು ಪಕ್ಕಕ್ಕಿಟ್ಟು, ಹೆಸರೇ ಗೊತ್ತಿಲ್ಲದವಳ ಹಾಗೆ ಓದತೊಡಗಿದಳು. ವಾರಕ್ಕೆ ಮೂರು ಮುಗಿಯುತ್ತಿತ್ತು. ಬುಧವಾರ ಬುಧವಾರ ಮಾವ ಬಂದು ಒಂದು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಸಂಬಳವಿಲ್ಲದ ಕೆಲಸ ಎಂದು ಗೊಣಗುತ್ತಲೇ ಸಂಜೆಯವರೆಗೆ ಏಳುತ್ತಿರಲಿಲ್ಲ. ನಾಲ್ಕು ತಿಂಗಳ ಕೊನೆಗೆ ಎರಡರಲ್ಲಿ ತಪ್ಪು ಸಿಕ್ಕಿತು. ಒಂದರಲ್ಲಿ ವರ್ಷದ ಅಂಕಿ ತಪ್ಪಾಗಿತ್ತು, ಇನ್ನೊಂದು ಎರಕ ಹೊಯ್ದ ನಕಲು. ಎರಡಕ್ಕೂ ಹೊಸ ಚೀಟಿ ಬರೆದು, ಹಳೆಯದನ್ನು ಹರಿಯದೆ ಅದರ ಕೆಳಗೇ ಇಟ್ಟು ಟ್ರೇ ಮುಚ್ಚಿದಳು.